ಸತ್ಯವೇದದಲ್ಲಿ ಸಿಕ್ಕ ಚೀಟಿ: ಸಭೆಗೆ, ಸೇವೆಗೆ ಉಯಿಲಿನಲ್ಲಿ ಪಾಲು ಬರೆದಿಡುವುದು ಹೇಗೆ

ದೊಡ್ಡಪ್ಪ ತೀರಿಕೊಂಡ ಮೂರನೇ ದಿನ ಅವರ ಸತ್ಯವೇದದೊಳಗೆ, ಅಂದರೆ ಬೈಬಲಿನೊಳಗೆ, ಒಂದು ಹಾಳೆ ಸಿಕ್ಕಿತು. ಡೈರಿಯಿಂದ ಹರಿದದ್ದು, ನಾಲ್ಕು ಮಡಿಕೆ ಮಾಡಿ ಇಟ್ಟದ್ದು. ನೀಲಿ ಇಂಕು. "ಹೆಣ್ಣೂರು ಕಡೆಯ ನನ್ನ ಸೈಟು ಮಾರಿ ಬಂದ ಹಣವನ್ನೆಲ್ಲ ಸಭೆಯ ಬಡ ಮಕ್ಕಳ ಓದಿಗೆ ಕೊಡಬೇಕು." ಕೆಳಗೆ ಸಹಿ, ತಾರೀಖು. ಅಕ್ಷರ ಅವರದೇ. ಮನೆಯಲ್ಲಿ ಯಾರಿಗೂ ಅದರಲ್ಲಿ ಅನುಮಾನ ಇರಲಿಲ್ಲ.

ಆದರೂ ಆ ಸೈಟಿನಿಂದ ನಮ್ಮ ಚರ್ಚಿನ ಸಭೆಯ ಮಕ್ಕಳಿಗೆ ಆ ಚೀಟಿಯ ಮೂಲಕ ಒಂದು ರೂಪಾಯಿಯೂ ಹೋಗಲಿಲ್ಲ. ಹಾಳೆಯಲ್ಲಿ ಸಾಕ್ಷಿಗಳ ಸಹಿ ಇರಲಿಲ್ಲ, ಅಷ್ಟೇ ಕಾರಣ. ಸಾಕ್ಷಿ ಇಲ್ಲದ ಉಯಿಲು ಉಯಿಲೇ ಅಲ್ಲ. ದೊಡ್ಡಮ್ಮ ಮೊದಲೇ ಹೋಗಿದ್ದರು, ಮಕ್ಕಳಿರಲಿಲ್ಲ, ಅಜ್ಜ ಅಜ್ಜಿ ಎಂದೋ ಹೋಗಿದ್ದರು. ಹಾಗಾಗಿ ಆಸ್ತಿ ಒಡಹುಟ್ಟಿದವರ ಕಡೆ ಬಂತು. ಮೂರು ಪಾಲು. ಅತ್ತೆಗೊಂದು, ಚಿಕ್ಕಪ್ಪನಿಗೊಂದು, ತೀರಿಹೋಗಿದ್ದ ನಮ್ಮ ಅಪ್ಪನ ಪಾಲು ನನಗೂ ಅಕ್ಕನಿಗೂ. ಎಲ್ಲರೂ ಒಪ್ಪಿದ್ದರೆ ಚೀಟಿಯಲ್ಲಿದ್ದಂತೆ ಕೊಡಬಹುದಿತ್ತು, ಯಾರೂ ತಡೆಯುತ್ತಿರಲಿಲ್ಲ. ಒಪ್ಪಲಿಲ್ಲ. ಒಬ್ಬರಿಗೆ ಮಗಳ ಮದುವೆ, ಇನ್ನೊಬ್ಬರಿಗೆ ಮನೆ ಸಾಲ. ನನ್ನ ಕೈಗೆ ಬಂದದ್ದರಲ್ಲಿ ನಾನು ಒಂದಷ್ಟು ಸಭೆಗೆ ಕೊಟ್ಟೆ. ಪೂರ್ತಿ ಕೊಟ್ಟೆನಾ? ಇಲ್ಲ. ಇದನ್ನೂ ಬರೆಯದೆ ಹೋದರೆ ಉಳಿದದ್ದನ್ನು ಬರೆಯೋಕೆ ನನಗೆ ಮುಖ ಇರಲ್ಲ.

ನಾನು ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿ ನಿವೃತ್ತಿಯಾದವಳು. ಆಮೇಲೆ ಆರು ವರ್ಷ ನಮ್ಮ ಸಭೆಯ ಖಜಾಂಚಿ. ಕೊಡುವವರ ಕಡೆಯ ಗೋಳೂ ಗೊತ್ತು, ತೆಗೆದುಕೊಳ್ಳುವವರ ಕಡೆಯ ಗೋಳೂ ಗೊತ್ತು. ಹೋದ ವರ್ಷ ನನ್ನದೇ ಉಯಿಲು ಮಾಡಿಸಿದೆ. ಆಗ ಮಾಡಿದ್ದನ್ನು, ಕಲಿತದ್ದನ್ನು ಹೇಳುತ್ತೇನೆ. ನಾನು ವಕೀಲೆಯಲ್ಲ. ಕೊನೆಯ ಕರಡನ್ನು ಒಬ್ಬ ಲಾಯರಿಗೆ ತೋರಿಸಿ, ಅದಕ್ಕೆ ಜಿಪುಣತನ ಬೇಡ.

ಬರೆಯದೆ ಹೋದರೆ ಏನಾಗುತ್ತೆ

ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಅನ್ವಯ. ಉಯಿಲಿಲ್ಲದೆ ತೀರಿಕೊಂಡರೆ ಗಂಡ ಅಥವಾ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಮಕ್ಕಳಿಗೆ ಮೂರರಲ್ಲಿ ಎರಡು. ಗಂಡುಮಕ್ಕಳು ಹೆಣ್ಣುಮಕ್ಕಳು ಸಮ. ಮಕ್ಕಳಿಲ್ಲದೆ ಬೇರೆ ರಕ್ತಸಂಬಂಧಿಗಳು ಇದ್ದರೆ ಗಂಡ ಅಥವಾ ಹೆಂಡತಿಗೆ ಅರ್ಧ, ಸಂಬಂಧಿಗಳಿಗೆ ಅರ್ಧ. "ನಾನು ಹೋದ ಮೇಲೆ ಎಲ್ಲ ನನ್ನ ಹೆಂಡತಿಗೇ ತಾನೇ" ಅಂತ ನಂಬಿಕೊಂಡಿರುವ ಗಂಡಸರು ನಮ್ಮ ಸಭೆಯಲ್ಲೇ ಬೇಕಾದಷ್ಟು ಜನ ಇದ್ದಾರೆ. ಅವರ ಮನೆಯ ಮೂರನೇ ಎರಡು ಭಾಗ ಮಕ್ಕಳದ್ದು ಅಂತ ಅವರಿಗೆ ಗೊತ್ತಿಲ್ಲ.

ಈ ಲೆಕ್ಕದಲ್ಲಿ ಸಭೆಗೆ, ಅನಾಥಾಶ್ರಮಕ್ಕೆ, ಆಸ್ಪತ್ರೆಗೆ ಎಲ್ಲೂ ಜಾಗ ಇಲ್ಲ. ನಲವತ್ತು ವರ್ಷ ಬಿಡದೆ ಸಂಪಾದನೆಯ ಹತ್ತನೇ ಒಂದು ಪಾಲನ್ನು, ಅಂದರೆ ದಶಮಾಂಶವನ್ನು, ಕೊಟ್ಟವರಾಗಿದ್ದರೂ ಸರಿ. ಬರೆದಿಟ್ಟರೆ ಮಾತ್ರ ಉಂಟು.

ಹಳೆಯ ಹನ್ನೆರಡು ತಿಂಗಳ ಮಾತು

ನಾನು ಉಯಿಲಿನ ವಿಷಯ ಎತ್ತಿದಾಗ ಸಭೆಯ ಹಿರಿಯರೊಬ್ಬರು, "ಧರ್ಮಕ್ಕೆ ಬರೆದರೆ ಬರೆದ ಮೇಲೆ ಒಂದು ವರ್ಷ ಬದುಕಿರಬೇಕಮ್ಮ, ಇಲ್ಲಾಂದ್ರೆ ಹೋಗುತ್ತೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ, ಹಳೆಯದು. ಆ ಕಾಯಿದೆಯ 118ನೇ ಸೆಕ್ಷನ್ ಹಾಗೇ ಇತ್ತು. ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಅಥವಾ ಅದಕ್ಕಿಂತ ಹತ್ತಿರದ ಸಂಬಂಧಿಕರು ಇರುವ ಕ್ರೈಸ್ತರು ಧಾರ್ಮಿಕ ಕೆಲಸಕ್ಕೋ ದಾನಕ್ಕೋ ಆಸ್ತಿ ಬರೆಯಬೇಕಿದ್ದರೆ ಸಾಯುವ ಹನ್ನೆರಡು ತಿಂಗಳು ಮೊದಲೇ ಉಯಿಲು ಮಾಡಿರಬೇಕಿತ್ತು. ಮಾಡಿದ ಆರು ತಿಂಗಳೊಳಗೆ ಅದನ್ನು ಸರ್ಕಾರ ಹೇಳಿದ ಜಾಗದಲ್ಲಿ ಠೇವಣಿ ಇಡಬೇಕಿತ್ತು. ಕೇರಳದ ಪಾದ್ರಿ ಜಾನ್ ವಲ್ಲಮಟ್ಟಂ ಇದರ ಮೇಲೆ ಸುಪ್ರೀಂ ಕೋರ್ಟಿಗೆ ಹೋದರು. ಇದು ಸಮಾನತೆಗೆ ವಿರುದ್ಧ ಅಂತ ಕೋರ್ಟು 2003ರ ಜುಲೈನಲ್ಲಿ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಈಗ ಇಂದು ಬರೆದು ನಾಳೆ ಹೋದರೂ ದಾನ ನಿಲ್ಲುತ್ತದೆ. ಹಳೆಯ ಭಯ ಮಾತ್ರ ಇನ್ನೂ ಹೋಗಿಲ್ಲ.

ಇನ್ನೊಂದು ಭಯವೂ ಉಂಟು. "ಅಜ್ಜನ ಆಸ್ತಿ, ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಇರುತ್ತಲ್ವಾ?" ಇದು ಹಿಂದೂ ಕೂಡು ಕುಟುಂಬದ ಲೆಕ್ಕ. ನಮಗೆ ಅಪ್ಪನಿಂದ ಬಂದದ್ದೂ ಒಂದೇ, ಸಂಬಳದಲ್ಲಿ ಕೊಂಡದ್ದೂ ಒಂದೇ. ನಿಮ್ಮ ಹೆಸರಿಗೆ ಬಂದಿದ್ದರೆ ನಿಮ್ಮದು. ನಿಮ್ಮ ಪಾಲು ಎಷ್ಟೋ ಅಷ್ಟನ್ನು ಮಾತ್ರ ಬರೆಯಬಹುದು ಅನ್ನೋದು ಮರೆಯಬೇಡಿ. ಮನೆ ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದರೆ ಇಡೀ ಮನೆಯನ್ನು ಒಬ್ಬರೇ ಬರೆದುಕೊಡೋಕೆ ಆಗಲ್ಲ.

ಮೊದಲು ಮನೆಯವರು

ಕೊಡುಗೆಯ ಬಗ್ಗೆ ಬರೆಯುತ್ತಾ ಇದನ್ನು ಹೇಳುವುದು ವಿಚಿತ್ರ ಅನ್ನಿಸಬಹುದು. ಆದರೆ ಮಾರ್ಕನ ಸುವಾರ್ತೆಯ ಏಳನೇ ಅಧ್ಯಾಯದಲ್ಲಿ ಯೇಸು ಬೈದದ್ದು ಯಾರನ್ನು? "ಇದು ಕೊರ್ಬಾನ್, ದೇವರಿಗೆ ಮೀಸಲು" ಅಂತ ಹೇಳಿ ಅಪ್ಪ ಅಮ್ಮನಿಗೆ ಅನ್ನ ಹಾಕದೆ ತಪ್ಪಿಸಿಕೊಳ್ಳುವವರನ್ನು. ಸಭೆಗೆ ಬರೆದು, ಮನೆಯಲ್ಲಿರುವ ಮುದುಕಿಯನ್ನು ಬೀದಿಗೆ ಬಿಡುವ ಉಯಿಲು ನನಗೆ ಬೇಡ.

ನನ್ನ ಮನೆಯಲ್ಲಿ ಆ ಮುದುಕಿ ನಮ್ಮ ಅಕ್ಕ. ಎಪ್ಪತ್ತಮೂರು ವರ್ಷ, ಮದುವೆ ಆಗಲಿಲ್ಲ. ಲಿಂಗರಾಜಪುರದ ಈ ಮನೆಯಲ್ಲಿ ನನ್ನ ಜೊತೆ ಇದ್ದಾಳೆ. ನಾನು ಮೊದಲು ಹೋದರೆ ಮನೆ ಮಗಳಿಗೂ ಮಗನಿಗೂ ಸೇರುತ್ತೆ. ಮಕ್ಕಳು ಒಳ್ಳೆಯವರೇ. ಆದರೆ ಒಳ್ಳೆಯ ಮಕ್ಕಳಿಗೂ ಸಾಲ ಇರುತ್ತೆ. ಅದಕ್ಕೇ ಉಯಿಲಿನಲ್ಲಿ ಮೊದಲ ಸಾಲೇ ಇದು: "ನನ್ನ ಅಕ್ಕ ಬದುಕಿರುವವರೆಗೂ ಈ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆ ಇಲ್ಲದೆ ವಾಸ ಮಾಡತಕ್ಕದ್ದು. ಅದುವರೆಗೆ ಮನೆಯನ್ನು ಯಾರೂ ಮಾರತಕ್ಕದ್ದಲ್ಲ." ಲಾಯರ್ ಇದನ್ನು ಇನ್ನೂ ಬಿಗಿ ಮಾಡಿ ಬರೆದುಕೊಟ್ಟರು. ಮನೆಯಲ್ಲಿ ಇಂಥವರು ಇದ್ದರೆ, ಅಂಗವಿಕಲ ಮಗ ಇರಬಹುದು, ಗಂಡ ಬಿಟ್ಟ ಮಗಳು ಇರಬಹುದು, ಮೊದಲು ಅವರನ್ನು ಬರೆದು ಮುಗಿಸಿ. ಆಮೇಲೆ ಸೇವೆ.

ಎಷ್ಟು, ಹೇಗೆ

ಖಜಾಂಚಿಯಾದಾಗ ಹಳೆಯ ಲೆಡ್ಜರಿನಲ್ಲಿ ಒಂದು ನಿಧಿ ಕಂಡೆ. ಯಾರೋ ಪುಣ್ಯಾತ್ಮರು ತಮ್ಮ ತಾಯಿಯ ನೆನಪಿಗೆ ಐನೂರು ರೂಪಾಯಿ ಇಟ್ಟಿದ್ದರು, ಬಡ್ಡಿಯಲ್ಲಿ ಪ್ರತಿ ವರ್ಷ ಒಂದು ಮಗುವಿನ ಫೀಸು ಕಟ್ಟಲು. ಇಟ್ಟಾಗ ಕಟ್ಟುತ್ತಿತ್ತೋ ಏನೋ. ನನ್ನ ಕಾಲಕ್ಕೆ ವರ್ಷದ ಬಡ್ಡಿ ಮೂವತ್ತು ರೂಪಾಯಿ ಚಿಲ್ಲರೆ. ಜಾಮೆಟ್ರಿ ಬಾಕ್ಸೂ ಬರಲ್ಲ. ಆದರೂ ಪ್ರತಿ ಆಡಿಟ್‌ನಲ್ಲಿ ಅದಕ್ಕೊಂದು ಸಾಲು ಬರೆಯಬೇಕು. ಇಂಥವು ಇನ್ನೂ ನಾಲ್ಕೈದು ಇದ್ದವು.

ಅದಕ್ಕೇ ನನ್ನ ಸಲಹೆ: ಇಂತಿಷ್ಟು ರೂಪಾಯಿ ಅಂತ ಬರೆಯಬೇಡಿ. ಪಾಲು ಬರೆಯಿರಿ. ಇನ್ನೂ ಒಳ್ಳೆಯದು, ಎಲ್ಲ ಕೊಟ್ಟು ಉಳಿದದ್ದರಲ್ಲಿ ಪಾಲು ಬರೆಯಿರಿ. ಕಾರಣ ಎರಡು. ಒಂದು, ರೂಪಾಯಿ ಸವೆಯುತ್ತೆ, ಹತ್ತನೇ ಒಂದು ಸವೆಯಲ್ಲ. ಎರಡು, ನೀವು ಹೋಗುವ ಹೊತ್ತಿಗೆ ಎಷ್ಟು ಉಳಿದಿರುತ್ತೋ ಯಾರಿಗೆ ಗೊತ್ತು? ನಾಲ್ಕು ವಾರ ಐಸಿಯು ಆದರೆ ಸಾಕು. ಕಾನೂನಿನಲ್ಲೂ ಮೊದಲು ಮಣ್ಣಿನ ಖರ್ಚು, ಆಸ್ಪತ್ರೆ ಬಿಲ್ಲು, ಸಾಲಗಳು. ಆಮೇಲೆ ಉಯಿಲಿನಲ್ಲಿ ಹೇಳಿದ ಕೊಡುಗೆಗಳು. "ಅನಾಥಾಶ್ರಮಕ್ಕೆ ಹತ್ತು ಲಕ್ಷ, ಉಳಿದದ್ದು ಮಗಳಿಗೆ" ಅಂತ ಬರೆದು, ಕೊನೆಗೆ ಹನ್ನೊಂದು ಲಕ್ಷ ಉಳಿದರೆ ಮಗಳಿಗೆ ಒಂದು ಲಕ್ಷ. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಅದಲ್ಲ ಅಲ್ವಾ?

ನಾನು ನನ್ನ ಉಳಿದ ಹಣದಲ್ಲಿ ದಶಮಾಂಶ ಬರೆದೆ. ಬದುಕಿಡೀ ಕೊಟ್ಟ ಲೆಕ್ಕವೇ ಕೊನೆಗೂ ಇರಲಿ ಅಂತ. ಅದರಲ್ಲಿ ಅರ್ಧ ಸಭೆಯ ವಿದ್ಯಾಭ್ಯಾಸ ನಿಧಿಗೆ, ಇನ್ನರ್ಧ ಒಂದು ವೃದ್ಧಾಶ್ರಮಕ್ಕೆ. ಅಕ್ಕ ಕೇಳಿ, "ಹತ್ತೇನಾ?" ಅಂದಳು. ಅವಳು ಹಾಗೇ. ಅವಳದ್ದರಲ್ಲಿ ಅವಳು ಎಷ್ಟು ಬೇಕಾದರೂ ಬರೆಯಲಿ.

ಸೈಟನ್ನೇ, ಮನೆಯನ್ನೇ ಸಂಸ್ಥೆಗೆ ಬರೆಯುವವರಿಗೆ ಒಂದು ಮಾತು. ಬೆಂಗಳೂರಿನಲ್ಲಿ ಜಾಗ ಅಂದರೆ ಸುಮ್ನೆ ಜಾಗ ಅಲ್ಲ. ಪಾಲಿಕೆಯ ದಾಖಲೆಯಲ್ಲಿ ಎ ಖಾತಾನೋ ಬಿ ಖಾತಾನೋ, ಇ-ಖಾತಾ ಆಗಿದೆಯೋ, ಕಂದಾಯ ಬಾಕಿ ಇದೆಯೋ, ಒಳಗೆ ಬಾಡಿಗೆಯವರು ಇದ್ದಾರೋ, ಪಕ್ಕದವರು ಎರಡಡಿ ಒತ್ತಿದ್ದಾರೋ. ಇದೆಲ್ಲ ಸಂಸ್ಥೆಯ ತಲೆ ಮೇಲೆ ಬರುತ್ತೆ. ನಾಲ್ಕು ಜನ ಸಿಸ್ಟರ್‌ಗಳು ನಡೆಸುವ ಆಶ್ರಮಕ್ಕೆ ಕೋರ್ಟು ಅಲೆಯುವುದು ಉಡುಗೊರೆಯಲ್ಲ. ಜಾಗ ಕೊಡಲೇಬೇಕು ಅಂದರೆ ಬದುಕಿರುವಾಗಲೇ ಇ-ಖಾತಾ ಮಾಡಿಸಿ, ಇಸಿ (ಋಣಭಾರ ಪತ್ರ) ತೆಗೆಸಿ, ಕ್ರಯಪತ್ರದ ಜೊತೆ ಒಂದೇ ಫೈಲಿನಲ್ಲಿ ಇಡಿ. ಮೊದಲು ಆ ಸಂಸ್ಥೆಯವರನ್ನು ಕೇಳಿ, ಅವರಿಗೆ ಬೇಕಾ ಅಂತ. ಅಥವಾ "ಮಾರಿ, ಬಂದ ಹಣದಲ್ಲಿ ಇಷ್ಟು ಪಾಲು" ಅಂತ ಬರೆಯಿರಿ. ದೊಡ್ಡಪ್ಪ ಅದನ್ನು ಸರಿಯಾಗೇ ಯೋಚಿಸಿದ್ದರು.

ದಾನಪತ್ರ ಬೇರೆ, ಉಯಿಲು ಬೇರೆ. ದಾನಪತ್ರ ರಿಜಿಸ್ಟರ್ ಆದ ದಿನವೇ ಜಾಗ ಅವರದ್ದು. ಸ್ಟಾಂಪ್ ಡ್ಯೂಟಿಯೂ ಬೀಳುತ್ತೆ, ಆಮೇಲೆ ಮನಸ್ಸು ಬದಲಾಯಿತು ಅನ್ನೋಹಾಗಿಲ್ಲ. ಉಯಿಲು ಬರೆದವರು ಹೋದ ಮೇಲೆಯೇ ಜಾರಿಗೆ ಬರೋದು. ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಬರೆದವನು ಸತ್ತ ಮೇಲೆಯೇ ಉಯಿಲಿಗೆ ಬಲ ಅನ್ನುವ ಮಾತು ಇಬ್ರಿಯರಿಗೆ ಬರೆದ ಪತ್ರಿಕೆಯ ಒಂಬತ್ತನೇ ಅಧ್ಯಾಯದಲ್ಲೂ ಇದೆ. ಪ್ರಸಂಗದಲ್ಲಿ ಆ ವಚನವನ್ನು ಎಷ್ಟೋ ಸಲ ಕೇಳಿದ್ದೇನೆ. ಅದರ ಕಾನೂನಿನ ಅರ್ಥ ನನಗೆ ಹೊಳೆದದ್ದು ಲಾಯರ್ ಆಫೀಸಿನಲ್ಲಿ.

ತೆರಿಗೆ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. ನಮ್ಮಲ್ಲಿ ಈಗ ಸಾವಿನ ತೆರಿಗೆ ಇಲ್ಲ, 1985ರಲ್ಲೇ ತೆಗೆದರು. 80ಜಿ ಅಂತ ಹೆಸರಾದ, ದಾನಕ್ಕೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಬೇಕಿದ್ದರೆ ಬದುಕಿರುವಾಗ, ನಗದಲ್ಲದೆ ಚೆಕ್ಕಿನಲ್ಲೋ ಆನ್‌ಲೈನಿನಲ್ಲೋ ಕೊಡಿ. ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. ಉಯಿಲಿನ ದಾನಕ್ಕೆ ನಿಮಗೆ ಸಿಗುವ ರಿಯಾಯಿತಿ ಏನೂ ಇಲ್ಲ.

ಹೆಸರು, ಹೆಸರು, ಹೆಸರು

ನನ್ನ ಪ್ರಕಾರ ಅತಿ ಹೆಚ್ಚು ಕೊಡುಗೆಗಳು ಸಿಕ್ಕಿಕೊಳ್ಳುವುದು ಇಲ್ಲೇ. "ಸೇಂಟ್ ಜೋಸೆಫ್ಸ್‌ಗೆ ಎರಡು ಲಕ್ಷ." ಯಾವ ಸೇಂಟ್ ಜೋಸೆಫ್ಸ್? ಬಾಯ್ಸ್ ಹೈಸ್ಕೂಲಾ, ಇಂಡಿಯನ್ ಹೈಸ್ಕೂಲಾ, ಕಾಮರ್ಸ್ ಕಾಲೇಜಾ, ಈಗ ಯೂನಿವರ್ಸಿಟಿ ಆಗಿರೋದಾ? ಬರೆದವರಿಗೆ ಗೊತ್ತಿತ್ತು, ಅವರು ಓದಿದ್ದು ಒಂದರಲ್ಲೇ. ಓದುವವರಿಗೆ ಹೇಗೆ ಗೊತ್ತಾಗಬೇಕು? ಸೇಂಟ್ ಮೇರಿಸ್ ಅಂದರಂತೂ ಮುಗೀತು. ಬೆಂಗಳೂರಿನಲ್ಲಿ ಎಷ್ಟು ಮೇರಿಯಮ್ಮನ ಗುಡಿಗಳಿಲ್ಲ! ಯಾರಿಗೆ ಅಂತ ಗೊತ್ತೇ ಆಗದಂಥ ಬರಹ ಕಾನೂನಿನಲ್ಲಿ ನಿಲ್ಲಲ್ಲ.

ನಾವು ದಿನವೂ ಕರೆಯುವ ಹೆಸರು ಬೇರೆ, ಕಾಗದದ ಹೆಸರು ಬೇರೆ. ಸಿಎಸ್‌ಐ ಸಭೆಗಳ ಜಮೀನು ಕಟ್ಟಡ ಸಾಮಾನ್ಯವಾಗಿ ಸಭೆಯ ಹೆಸರಲ್ಲಿ ಇರಲ್ಲ, ಚರ್ಚ್ ಆಫ್ ಸೌತ್ ಇಂಡಿಯಾ ಟ್ರಸ್ಟ್ ಅಸೋಸಿಯೇಷನ್ ಹೆಸರಲ್ಲಿ ಇರುತ್ತದೆ. ಎಷ್ಟೋ ಆಶ್ರಮಗಳು, ಶಾಲೆಗಳು ಬೇರೆ ಯಾವುದೋ ಸೊಸೈಟಿಯ ಅಥವಾ ಟ್ರಸ್ಟಿನ ಅಡಿಯಲ್ಲಿ ನಡೆಯುತ್ತವೆ. ಬೋರ್ಡಿನಲ್ಲಿ ಸಂತರ ಹೆಸರು, ಬ್ಯಾಂಕ್ ಖಾತೆಯಲ್ಲಿ ಸೊಸೈಟಿ ಹೆಸರು. ಆದ್ದರಿಂದ ಹೋಗಿ ಕೇಳಿ. ನಾನು ವೃದ್ಧಾಶ್ರಮಕ್ಕೆ ಹೋಗಿ ಮದರ್ ಸುಪೀರಿಯರ್ ಹತ್ತಿರ ಒಂದು ಬಿಳಿ ಹಾಳೆಯಲ್ಲಿ ನಾಲ್ಕು ವಿಷಯ ಬರೆಸಿಕೊಂಡೆ: ನೋಂದಣಿಯಾದ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ. ಅವರು ಕಾಫಿ ಕೊಟ್ಟರು. "ಇನ್ನೂ ಬೇಗ ಬಂದುಬಿಟ್ಟಿರಿ" ಅಂತ ನಕ್ಕರು.

ನನ್ನ ಉಯಿಲಿನ ಆ ಭಾಗ ಸುಮಾರು ಹೀಗಿದೆ. ಬೇಕಿದ್ದರೆ ನಿಮ್ಮ ಲಾಯರಿಗೆ ತೋರಿಸಿ, ತಿದ್ದಿಸಿಕೊಳ್ಳಿ:

"ನನ್ನ ಅಂತ್ಯಕ್ರಿಯೆ, ಚಿಕಿತ್ಸೆಯ ಖರ್ಚು ಮತ್ತು ಸಾಲಗಳನ್ನು ತೀರಿಸಿ, ಮೇಲೆ ಹೇಳಿದ ಸ್ವತ್ತುಗಳನ್ನು ಹೇಳಿದವರಿಗೆ ಕೊಟ್ಟ ಮೇಲೆ ಉಳಿಯುವ ನನ್ನ ಎಲ್ಲ ಹಣದಲ್ಲಿ ಶೇಕಡ 5ನ್ನು (ಸಂಸ್ಥೆಯ ಪೂರ್ತಿ ಹೆಸರು, ನೋಂದಣಿ ಸಂಖ್ಯೆ, ಪ್ಯಾನ್, ವಿಳಾಸ) ಇವರಿಗೆ ವೃದ್ಧರ ಆರೈಕೆಗಾಗಿ ಕೊಡತಕ್ಕದ್ದು. ಆ ಸಂಸ್ಥೆಯ ಅಧಿಕೃತ ಪದಾಧಿಕಾರಿ ಕೊಡುವ ರಸೀದಿಯೇ ಸಾಕು. ನಾನು ತೀರಿಕೊಳ್ಳುವ ಹೊತ್ತಿಗೆ ಆ ಸಂಸ್ಥೆ ಇಲ್ಲದಿದ್ದರೆ ಅಥವಾ ಆ ಕೆಲಸ ನಿಲ್ಲಿಸಿದ್ದರೆ, ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವ ಬೇರೆ ನೋಂದಾಯಿತ ಸಂಸ್ಥೆಗೆ ಎಕ್ಸಿಕ್ಯೂಟರ್ ತಮ್ಮ ವಿವೇಚನೆಯಂತೆ ಕೊಡತಕ್ಕದ್ದು."

ಎಕ್ಸಿಕ್ಯೂಟರ್ ಅಂದರೆ ನೀವು ಹೋದ ಮೇಲೆ ಉಯಿಲಿನಂತೆ ಎಲ್ಲ ನಡೆಸಿಕೊಡಲು ನೀವೇ ಉಯಿಲಿನಲ್ಲಿ ಹೆಸರಿಸಿದವರು. ಕೊನೆಯ ವಾಕ್ಯ ಬಿಡಬೇಡಿ. ಸಂಸ್ಥೆಗಳೂ ಸಾಯುತ್ತವೆ. ಉದ್ದೇಶವನ್ನು ತೀರಾ ಸಣ್ಣದು ಮಾಡಬೇಡಿ. "ಏಳನೇ ಕ್ಲಾಸಿನ ಹೆಣ್ಣುಮಗುವಿಗೆ ಹೊಲಿಗೆ ಯಂತ್ರ" ಅಂತ ಬರೆದರೆ, ಹೊಲಿಗೆ ಕಲಿಯುವ ಮಕ್ಕಳಿಲ್ಲದ ಕಾಲ ಬಂದಾಗ ಖಜಾಂಚಿ ಏನು ಮಾಡಬೇಕು?

"ಮಗನಿಗೆ ಹೇಳಿದ್ದೀನಿ, ಅವನು ಕೊಡ್ತಾನೆ" ಅನ್ನುವವರೂ ಇದ್ದಾರೆ. ನನ್ನ ಮಗ ಮೆಲ್ಬರ್ನಿನಲ್ಲಿದ್ದಾನೆ. ಈಗ ಅಲ್ಲಿಯ ಪ್ರಜೆ. ಅವನು ತನ್ನ ದುಡ್ಡನ್ನು ಇಲ್ಲಿಯ ಸಂಸ್ಥೆಗೆ ಕೊಟ್ಟರೆ ಅದು ವಿದೇಶಿ ದೇಣಿಗೆ. ಸಂಸ್ಥೆಗೆ ವಿದೇಶಿ ದೇಣಿಗೆ ಕಾಯಿದೆಯಡಿ (ಎಫ್‌ಸಿಆರ್‌ಎ) ನೋಂದಣಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಸಣ್ಣ ಆಶ್ರಮಗಳಿಗೆ ಇದೆಲ್ಲ ಎಲ್ಲಿರುತ್ತೆ? ನೇರವಾಗಿ ನಿಮ್ಮ ಉಯಿಲಿನಲ್ಲೇ ಬರೆಯಿರಿ.

ಸಹಿ ಹಾಕುವ ದಿನ

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ಬಿಳಿ ಹಾಳೆ ಸಾಕು. ಕೈಯಲ್ಲಿ ಬರೆದರೂ ಆಗುತ್ತೆ, ಕನ್ನಡದಲ್ಲೇ ಬರೆದರೂ ಆಗುತ್ತೆ. ಬೇಕಿರುವುದು ಇಬ್ಬರು ಸಾಕ್ಷಿಗಳು. ಅವರು ನೀವು ಸಹಿ ಹಾಕುವುದನ್ನು ನೋಡಿರಬೇಕು, ಅಥವಾ "ಇದು ನನ್ನ ಸಹಿ" ಅಂತ ನೀವೇ ಅವರಿಗೆ ಹೇಳಿರಬೇಕು. ಆಮೇಲೆ ಅವರು ನಿಮ್ಮ ಎದುರಲ್ಲಿ ಸಹಿ ಹಾಕಬೇಕು. ಇಷ್ಟೇ. ದೊಡ್ಡಪ್ಪನ ಹಾಳೆಗೆ ಕಡಿಮೆ ಬಿದ್ದದ್ದು ಪಕ್ಕದ ಮನೆಯ ಇಬ್ಬರ ಐದು ನಿಮಿಷ.

ಸಾಕ್ಷಿಗಳು ಉಯಿಲನ್ನು ಓದಬೇಕಾಗಿಲ್ಲ. ಆದರೆ ಉಯಿಲಿನಲ್ಲಿ ಏನಾದರೂ ಸಿಗುವವರು ಸಾಕ್ಷಿ ಹಾಕಬಾರದು. ಅವರ ಗಂಡ ಹೆಂಡತಿಯೂ ಹಾಕಬಾರದು. ಹಾಕಿದರೆ ಉಯಿಲು ಉಳಿಯುತ್ತೆ, ಅವರಿಗೆ ಬರೆದದ್ದು ಹೋಗುತ್ತೆ. ಅಳಿಯ ಸಾಕ್ಷಿ ಹಾಕಿ ಮಗಳ ಪಾಲು ಹೋಗುವುದು ಇಲ್ಲೇ. ನಿಮಗಿಂತ ಚಿಕ್ಕ ವಯಸ್ಸಿನವರನ್ನು ಹುಡುಕಿ. ಮುಂದೆ ಯಾರಾದರೂ ತಕರಾರು ಮಾಡಿದರೆ ಕೋರ್ಟು ಕರೆಯುವುದು ಸಾಕ್ಷಿಯನ್ನು. ಅಷ್ಟು ಹೊತ್ತಿಗೆ ಅವರು ಬದುಕಿರಬೇಕಲ್ಲ.

ಸಭೆಗೆ ಬರೆಯುವವರು ಪಾಸ್ಟರನ್ನೋ ಫಾದರನ್ನೋ ಸಾಕ್ಷಿ ಮಾಡಬೇಡಿ ಅನ್ನೋದು ನನ್ನ ಅಭಿಪ್ರಾಯ. ಅವರಿಗೆ ಸ್ವಂತಕ್ಕೆ ಏನೂ ಸಿಗದಿದ್ದರೂ, "ಪ್ರಾರ್ಥನೆಗೆ ಬಂದು ಬರೆಸಿಕೊಂಡು ಹೋದರು" ಅನ್ನೋಕೆ ಒಂದು ನಾಲಿಗೆ ಸಾಕು. ಬಲವಂತದಿಂದ, ಮೋಸದಿಂದ, ಕಾಡಿಬೇಡಿ ಮಾಡಿಸಿದ ಉಯಿಲು ನಿಲ್ಲಲ್ಲ ಅಂತ ಕಾಯಿದೆಯೇ ಹೇಳುತ್ತೆ. ಆಸ್ಪತ್ರೆಯ ಮಂಚದ ಮೇಲೆ ಬರೆಯುವುದಕ್ಕೆ ಕಾಯಬೇಡಿ. ವಯಸ್ಸಾದವರು ಅದೇ ವಾರ ಡಾಕ್ಟರ ಹತ್ತಿರ ಬುದ್ಧಿ ಸ್ಥಿಮಿತ ಇದೆ ಅಂತ ಒಂದು ಚೀಟಿ ಬರೆಸಿಟ್ಟುಕೊಳ್ಳಿ. ಕಡ್ಡಾಯವಲ್ಲ, ಆದರೆ ಕೆಲಸಕ್ಕೆ ಬರುತ್ತೆ.

ರಿಜಿಸ್ಟರ್ ಮಾಡಿಸುವುದೂ ಕಡ್ಡಾಯವಲ್ಲ. ನಾನು ಮಾಡಿಸಿದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಮಗಳು ಸಮಯ ತೆಗೆದುಕೊಟ್ಟಳು. ಪಕ್ಕದ ಮನೆಯ ಗಂಡ ಹೆಂಡತಿ ಸಾಕ್ಷಿ. ಇಬ್ಬರೂ ಆಧಾರ್ ಕಾರ್ಡು ಹಿಡಿದು ಬೆಳಗ್ಗೆಯೇ ಬಂದಿದ್ದರು. ನಮ್ಮ ಮುಂದೆ ಒಂದು ಫ್ಲಾಟಿನ ರಿಜಿಸ್ಟ್ರೇಷನ್. ಹೊಸ ಜೋಡಿ, ಕೈಯಲ್ಲಿ ಸ್ವೀಟ್ ಬಾಕ್ಸ್. ನಮ್ಮ ಸರದಿ ಬಂದಾಗ ಆಪರೇಟರ್ ಹುಡುಗಿ ಕಾಗದ ನೋಡಿ, "ವಿಲ್ ಮಾಡಿಸೋದಾ ಆಂಟಿ?" ಅಂತ ದನಿ ತಗ್ಗಿಸಿ ಕೇಳಿದಳು, ಕಾಯಿಲೆ ವಿಚಾರಿಸುವ ಹಾಗೆ. ಹೆಬ್ಬೆಟ್ಟು ಒತ್ತಿದಾಗ ಮೆಷಿನ್ ಎರಡು ಸಲ ತೆಗೆದುಕೊಳ್ಳಲಿಲ್ಲ. ಮೂವತ್ನಾಲ್ಕು ವರ್ಷ ನೋಟು ಎಣಿಸಿದ ಬೆರಳು, ಗೆರೆ ಸವೆದಿದೆ. ಒರೆಸಿಕೊಂಡು ಮೂರನೇ ಸಲ ಒತ್ತಿದೆ, ಬಂತು. ಫೋಟೋಗೆ ಕನ್ನಡಕ ತೆಗೆಯಿರಿ ಅಂದಳು. ಮುಗಿದ ಮೇಲೆ ಸಾಕ್ಷಿಗಳಿಗೆ ಮೂಲೆಯ ಹೋಟೆಲಿನಲ್ಲಿ ಇಡ್ಲಿ ವಡೆ ಕೊಡಿಸಿದೆ.

ಉಯಿಲಿಗೆ ಸ್ಟಾಂಪ್ ಡ್ಯೂಟಿ ಇಲ್ಲ. ನೀವು ಬದುಕಿರುವವರೆಗೆ ಅದರ ನಕಲು ನಿಮಗಲ್ಲದೆ ಬೇರೆಯವರಿಗೆ ಕೊಡಲ್ಲ, ಹಾಗಾಗಿ ಮಕ್ಕಳು ಹೋಗಿ ಇಣುಕುತ್ತಾರೆ ಅನ್ನುವ ಚಿಂತೆ ಬೇಡ. ನಡೆಯಲಾಗದವರ ಮನೆಗೇ ಅಧಿಕಾರಿ ಬರುವುದಕ್ಕೂ ಅವಕಾಶ ಉಂಟು. ಒಂದು ಎಚ್ಚರಿಕೆ: ಆಮೇಲೆ ನೀವು ರಿಜಿಸ್ಟರ್ ಮಾಡದೆ ಇನ್ನೊಂದು ಬರೆದರೂ ಕೊನೆಯದೇ ಉಯಿಲು. ಅದಕ್ಕೆ ತಾರೀಖು ಮುಖ್ಯ. ಹಳೆಯದನ್ನು ರದ್ದು ಮಾಡಿದ್ದೇನೆ ಅಂತ ಹೊಸದರ ಮೊದಲ ಸಾಲಿನಲ್ಲೇ ಬರೆಯಿರಿ. ಪ್ರೊಬೇಟ್, ಅಂದರೆ ಉಯಿಲನ್ನು ಕೋರ್ಟಿನಲ್ಲಿ ಸಾಬೀತು ಮಾಡಿಸುವ ಗೋಜೂ ನಮಗೆ ಕಡ್ಡಾಯವಲ್ಲ, 2002ರ ತಿದ್ದುಪಡಿ ಭಾರತೀಯ ಕ್ರೈಸ್ತರನ್ನು ಅದರಿಂದ ಬಿಟ್ಟಿತು.

ಯಾರೂ ಹೇಳದ ಒಂದು ವಿಷಯ ಇದೆ. ಕ್ರೈಸ್ತರು ಉಯಿಲು ಮಾಡಿದ ಮೇಲೆ ಮದುವೆಯಾದರೆ ಆ ಉಯಿಲು ತಾನಾಗಿಯೇ ರದ್ದು. ಹಿಂದೂಗಳಿಗೆ ಹಾಗಿಲ್ಲ, ನಮಗೆ ಉಂಟು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಹೆಂಡತಿ ಹೋದ ಮೇಲೆ ಚೆಂದವಾಗಿ ಉಯಿಲು ಮಾಡಿಸಿದ್ದರು, ಒಂದು ಕುಷ್ಠರೋಗಿಗಳ ಆಸ್ಪತ್ರೆಗೂ ಪಾಲು ಬರೆದಿದ್ದರು. ಐವತ್ತೆಂಟನೇ ವಯಸ್ಸಿನಲ್ಲಿ ಮತ್ತೆ ಮದುವೆಯಾದರು. ನಾವೆಲ್ಲ ಊಟ ಮಾಡಿ ಬಂದೆವು. ಉಯಿಲು ಅಂದೇ ಸತ್ತಿತ್ತು, ಅವರಿಗೇ ಗೊತ್ತಿರಲಿಲ್ಲ.

ಬ್ಯಾಂಕಿನವಳ ಮಾತು

ನಾಮಿನಿ ಅಂದರೆ ಮಾಲೀಕ ಅಲ್ಲ. ಬ್ಯಾಂಕು ದುಡ್ಡು ಯಾರ ಕೈಗೆ ಕೊಟ್ಟು ಕೈತೊಳೆದುಕೊಳ್ಳಬೇಕೋ ಅವರು ನಾಮಿನಿ. ಅವರು ಉಯಿಲಿನಂತೆ ಹಂಚಬೇಕು. ಕೌಂಟರಿನಲ್ಲಿ ಕೂತು ಇದನ್ನು ಸಾವಿರ ಸಲ ಹೇಳಿದ್ದೇನೆ, ಕೇಳಿಸಿಕೊಂಡವರು ಕಡಿಮೆ. ಎಫ್‌ಡಿಗೆ ಸಭೆಯ ಹೆಸರನ್ನೇ ನಾಮಿನಿ ಹಾಕಿ ಅಂತ ಬಂದವರೂ ಇದ್ದರು. ಆಗಲ್ಲ, ನಾಮಿನಿ ವ್ಯಕ್ತಿಯೇ ಆಗಿರಬೇಕು. ಎಕ್ಸಿಕ್ಯೂಟರ್ ಮಾಡಿದವರನ್ನೇ ನಾಮಿನಿ ಮಾಡಿದರೆ ಕೆಲಸ ಸಲೀಸು. ನನ್ನ ಉಯಿಲಿಗೆ ಮಗಳು ಎಕ್ಸಿಕ್ಯೂಟರ್, ಅವಳಿಗೆ ಆಗದಿದ್ದರೆ ಇನ್ನೊಬ್ಬರು. ಒಂದೇ ಹೆಸರು ಬರೆದು ನಿಲ್ಲಿಸಬೇಡಿ.

ಉಯಿಲನ್ನು ನಿಮ್ಮೊಬ್ಬರ ಹೆಸರಿನ ಲಾಕರಿನಲ್ಲಿ ಇಡಬೇಡಿ. ನೀವು ಹೋದ ಮೇಲೆ ಲಾಕರ್ ತೆಗೆಯೋಕೆ ಕಾಗದ ಬೇಕು, ಆ ಕಾಗದ ಲಾಕರಿನೊಳಗೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಒಂದಲ್ಲ ಎರಡು ಸಲ.

ಕಣ್ಣು ದಾನ, ದೇಹದಾನ, ಯಾವ ಸ್ಮಶಾನ, ಯಾವ ಹಾಡು, ಇವನ್ನು ಉಯಿಲಿನಲ್ಲಿ ಬರೆದು ಸುಮ್ಮನಾಗಬೇಡಿ. ಕಣ್ಣು ತೆಗೆಯಬೇಕಾದ್ದು ಆರು ಗಂಟೆಯೊಳಗೆ. ಉಯಿಲು ತೆಗೆಯೋದು ಮಣ್ಣಾದ ಮೇಲೆ. ಇವಕ್ಕೆ ಬೇರೆ ಹಾಳೆ, ಫ್ರಿಜ್ಜಿನ ಮೇಲೆ ಅಂಟಿಸಿದರೂ ಸರಿ.

ಬಾಯಿಬಿಟ್ಟು ಹೇಳುವುದು

ಲೂಕನ ಹನ್ನೆರಡನೇ ಅಧ್ಯಾಯದಲ್ಲಿ ಒಬ್ಬ ಬಂದು, "ಬೋಧಕನೇ, ಆಸ್ತಿ ಪಾಲು ಕೊಡು ಅಂತ ನನ್ನ ಅಣ್ಣನಿಗೆ ಹೇಳು" ಅನ್ನುತ್ತಾನೆ. ಯೇಸು ಆ ಪಂಚಾಯಿತಿಗೆ ಕೂರಲೇ ಇಲ್ಲ. ನಮ್ಮ ಪಾಸ್ಟರೂ ಕೂರಲಿಲ್ಲ, ದೊಡ್ಡಪ್ಪನ ಚೀಟಿ ತೋರಿಸಿದಾಗ. ಅವರದೇನು ತಪ್ಪು? ದೊಡ್ಡಪ್ಪ ಬದುಕಿದ್ದಾಗ ಒಂದು ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು, "ಸೈಟು ಮಕ್ಕಳ ಓದಿಗೆ, ನೀವು ಆಸೆ ಇಟ್ಟುಕೋಬೇಡಿ" ಅಂದಿದ್ದರೆ ಚಿಕ್ಕಪ್ಪ ಎದುರು ಮಾತಾಡುತ್ತಿರಲಿಲ್ಲ. ಅವರು ಅಣ್ಣನಿಗೆ ಹೆದರುತ್ತಿದ್ದರು. ಹೆದರಿಕೆ ಅಣ್ಣನ ಜೊತೆಗೇ ಹೋಯಿತು.

ನಾನು ಹೋದ ಕ್ರಿಸ್ಮಸ್‌ಗೆ ಮಗ ಬಂದಿದ್ದಾಗ ಹೇಳಿದೆ. ಊಟ ಆಗಿತ್ತು, ಎಲ್ಲರೂ ಕಜ್ಜಾಯದ ಡಬ್ಬಿ ಸುತ್ತ ಕೂತಿದ್ದರು. ಉಯಿಲಿನ ನಕಲು ತಂದು ಓದಿದೆ. ಅಕ್ಕನ ವಾಸದ ಸಾಲು ಓದಿದಾಗ ಅಕ್ಕ ಎದ್ದು ಅಡಿಗೆಮನೆಗೆ ಹೋದಳು. ದಶಮಾಂಶದ ಸಾಲಿಗೆ ಮಗ, "ಇಷ್ಟೇನಾ, ನಾನು ಜಾಸ್ತಿ ಅಂದುಕೊಂಡಿದ್ದೆ" ಅಂದ. ಮಗಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಮ್ಮ, ಹಾರ್ಮೋನಿಯಂ ಯಾರಿಗೆ?" ಅಂದಳು.

ಹಾರ್ಮೋನಿಯಂ ನಮ್ಮ ಅಪ್ಪನದು. ಗಾಳಿ ಸೋರುತ್ತೆ, ಎರಡು ಕೀ ಹಾಡುವುದಿಲ್ಲ. ಅದನ್ನು ನಾನು ಬರೆದೇ ಇರಲಿಲ್ಲ. ಈಗ ಅದಕ್ಕೊಂದು ಕೊಡಿಸಿಲ್ ಬರೆಯಬೇಕು, ಅಂದರೆ ಉಯಿಲಿಗೆ ಒಂದು ತಿದ್ದುಪಡಿ ಹಾಳೆ. ಮೂಲ ಉಯಿಲಿನ ಮೇಲೆ ಪೆನ್ನಿನಲ್ಲಿ ಗೀಚಿ ಸೇರಿಸುವ ಹಾಗಿಲ್ಲ. ಅದಕ್ಕೂ ನನ್ನ ಸಹಿ, ಅದಕ್ಕೂ ಇಬ್ಬರು ಸಾಕ್ಷಿ. ಪಕ್ಕದ ಮನೆಯವರಿಗೆ ಮತ್ತೆ ಇಡ್ಲಿ ವಡೆ ಕೊಡಿಸಬೇಕು.